ಸುತ್ತಿಟ್ಟ ಚಾಪೆ

ಅಮ್ಮಾ,

ನೀನು ಗುರುವಾರದ ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ನಾನು ನೊಂಗೋಮಾ ಬಸ್ಸಿನಲ್ಲಿರುತ್ತೇನೆ. ಬೀನ್ಸ್ ಬೇಯಿಸಿ ಮುಚ್ಚಿಟ್ಟಿದ್ದೇನೆ. ಬಿ.ಪಿ. ಮಾತ್ರೆ ಸಕ್ಕರೆ ಡಬ್ಬದ ಹಿಂದಿದೆ, ಮರೆತೆ ಅನ್ನಬೇಡ. ಬಿಳಿ ಆಡಿಗೆ ನೀರಿಡು, ತೀರಿಹೋದ ಹಿರಿಯರಿಗೆ ಬಲಿ ಕೊಡಲು ಶನಿವಾರ ಮಾಮ ಬಂದು ಒಯ್ಯುತ್ತಾನೆ. ಚರ್ಚಿನ ಹೆಂಗಸರು ಕೇಳಿದರೆ ನನಗೆ ಡರ್ಬನ್ನಿನಲ್ಲಿ ಕೆಲಸ ಸಿಕ್ಕಿದೆ ಅನ್ನು. ಸುಳ್ಳು ಹೇಳುವುದು ನಿನಗೇನೂ ಹೊಸದಲ್ಲ.

ಹೌದು, ಕೋಪ ಬಂದಿದೆ. ಹಿರಿಯರು ಕನಸಿನಲ್ಲಿ ಕರೆಯುತ್ತಿದ್ದಾರೆ, ನಿಮ್ಮ ವಿದ್ಯೆಯ ದೀಕ್ಷೆ ಕೊಡಿ ಎಂದು ಕೇಳಲು ಮಂಗಳವಾರ ನೊಂಗೋಮಾದ ಆ ನಾಟಿ ವೈದ್ಯೆಯ ಮನೆಗೆ ಹೋಗಿದ್ದೆ. ಮುದುಕಿ ನನ್ನ ಮುಖವನ್ನೇ ನೋಡಿ, ಒಳಗಿಂದ ಸುತ್ತಿಟ್ಟಿದ್ದ ಹಳೆಯ ಚಾಪೆ ತಂದಳು.

"ನಿಮ್ಮಮ್ಮಂದು ಕಣೇ ಇದು. ದೀಕ್ಷೆ ಅರ್ಧ ಆಗಿತ್ತು, ಬಸುರಿ ಅಂತ ಗೊತ್ತಾಗಿ ಓಡ್ಹೋದ್ಲು. ಇನ್ಮೇಲೆ ಇದರ ಮೇಲೆ ನೀನು ಮಲಗು."

ಅದು ಯಾವ ವರ್ಷವೆಂದು ಕೇಳಿ ಎಣಿಸಿದೆ. ಹೊಟ್ಟೆಯಲ್ಲಿದ್ದವಳು ನಾನೇ.

ದೀಕ್ಷೆ ಮುಗಿಯಲು ಎಷ್ಟು ತಿಂಗಳೋ ಗೊತ್ತಿಲ್ಲ. ಅಲ್ಲಿಯವರೆಗೆ ನೀನು ನೋಡಲು ಬಂದರೂ ನನ್ನನ್ನು ಮುಟ್ಟುವಂತಿಲ್ಲ, ಹೆಸರು ಹಿಡಿದು ಕರೆಯುವಂತಿಲ್ಲ. ಈ ನಿಯಮಗಳನ್ನು ನಿನಗೆ ನಾನೇನು ಹೇಳುವುದು?

ಹೊರಡುತ್ತೇನೆಂದು ನಿನಗೆ ಹೇಳಿರಲೇ ಇಲ್ಲ. ಹಾಗಿದ್ದರೆ ಇವತ್ತು ಬೆಳಿಗ್ಗೆ ಚರ್ಚಿಗೆ ಹೋಗುವಾಗ ಬಾಗಿಲಲ್ಲಿ ಅಷ್ಟು ಹೊತ್ತು ಯಾಕಮ್ಮಾ ನನ್ನ ಕೈ ಹಿಡಿದುಕೊಂಡು ನಿಂತಿದ್ದೆ?

— ಹ್ಲೆಂಗಿವೆ