ಕರೆಂಟ್ ಬರುವ ಮೊದಲೇ ಮುಗಿದ ಲೆಕ್ಕ

ಗಿರಿಜಕ್ಕಾ,

ಚಳ್ಳಕೆರೆಯ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ, ನಿಮ್ಮ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡಿ. ನೀವು ಹೋದಮೇಲೆ ನನ್ನನ್ನು ಸಲಿಗೆಯಿಂದ ಬೈಯುವವರೇ ಇಲ್ಲ.

ರುದ್ರಪ್ಪನವರ ಎಣ್ಣೆ ಮಿಲ್ಲಿಗೆ ಮೊದಲ ಡಬ್ಬಿ ಕೂರಿಸಿದ ದಿನ ನೆನಪಿದೆಯಾ? ಶೇಂಗಾ ಬೀಜ ಬಿಸಿಯಾಗುವ ಕಡಾಯಿಯ ಶಾಖ ನೋಡಿಕೊಂಡು, ಉಗಿಯ ವಾಲ್ವನ್ನು ತಾನೇ ತೆರೆದು ಮುಚ್ಚುವ ಡಬ್ಬಿ. ಒಳಗೊಂದು ಪುಟ್ಟ ಚಿಪ್, ಅದರಲ್ಲಿ ನಾವಿಬ್ಬರೂ ಸಿ++ನಲ್ಲಿ ಬರೆದ ಪ್ರೋಗ್ರಾಂ. ಬೆಳಿಗ್ಗೆಯೆಲ್ಲ ತಕರಾರಿಲ್ಲದೆ ಓಡಿತು. ಮಧ್ಯಾಹ್ನ ಕರೆಂಟ್ ಹೋಗಿ ಬಂತು ನೋಡಿ, ಮಿಲ್ಲಿನ ತುಂಬ ಸೀದ ವಾಸನೆ.

"ಏನ್ರಮ್ಮಾ ಇದು? ಕರೆಂಟ್ ಬಂದ್ರೂ ನಿಮ್ ಡಬ್ಬಿ ಮಕ್ಕಂಡೇ ಐತಲ್ಲ! ಇನ್ನೊಂದ್ಸಲ ಹಿಂಗಾದ್ರೆ ಬಿಚ್ಕಂಡು ಹೋಗ್ರಿ," ಎಂದರು ರುದ್ರಪ್ಪ. ಅವರದೇನು ತಪ್ಪು? ಕರೆಂಟ್ ಹೋಗುವ ಊರುಗಳಲ್ಲೇ ಹುಟ್ಟಿ ಬೆಳೆದ ನಾವು, ಡಬ್ಬಿಯನ್ನು ಕರೆಂಟ್ ಹೋದರೂ ಆರದ ಕ್ಲಾಸಿನ ಯುಪಿಎಸ್‌ಗೆ ಸಿಕ್ಕಿಸಿ ಪರೀಕ್ಷೆ ಮಾಡಿದ್ದೆವು! ಸೆನ್ಸರಿನ ಯಾವ ಅಂಕಿಗೆ ಎಷ್ಟು ಡಿಗ್ರಿ ಎಂಬ ಲೆಕ್ಕವನ್ನು ಅದು ಚಾಲೂ ಆದಾಗಲೆಲ್ಲ ಮೊದಲಿನಿಂದ ಹಾಕುತ್ತಿತ್ತು. ಆ ಬಡಪಾಯಿ ಚಿಪ್ಪಿಗೆ ಅದು ದೊಡ್ಡ ಕೆಲಸ. ಮುಗಿಯುವವರೆಗೂ ವಾಲ್ವ್ ತೆರೆದೇ ಇರುತ್ತಿತ್ತು.

ಮಿಲ್ಲಿನಿಂದ ವಾಪಸ್ ನಡೆದು ಬರುವಾಗ ನೀವು ರಸ್ತೆ ಮಧ್ಯೆಯೇ ನಿಂತುಬಿಟ್ಟಿರಿ. "ಏಮ್ಮಾ, ಆ ಲೆಕ್ಕ ಯಾವತ್ತಾದ್ರೂ ಬದಲಾಗ್ತೈತಾ? ಮತ್ತೆ ದಿನಾ ಯಾಕೆ ಹಾಕ್ಬೇಕು? ಮೊಳಕಾಲ್ಮೂರಲ್ಲಿ ನಮ್ಮನೇಲಿ ಮಗ್ಗಕ್ಕೆ ಕೂತ್ಮೇಲೆ ಯಾರೂ ನೂಲಿಗೆ ಬಣ್ಣ ಹಾಕಲ್ಲ. ಪ್ರೋಗ್ರಾಮನ್ನ ಚಿಪ್ಪಿಗೆ ತಿಳಿಯೋ ಹಂಗೆ ಬದಲಿಸ್ತೈತಲ್ಲ ಕಂಪೈಲರ್, ಅದೇ ಲೆಕ್ಕಾನೂ ಮುಗಿಸ್ಲಿ."

"ಕಂಪೈಲರ್ ಲೆಕ್ಕ ಹಾಕ್ತದಾ ಅಕ್ಕ?"

"ಹಾಕ್ಸಾಣ ತಡಿ."

ಹಾಕಿಸಿದಿರಿ. ಅದಕ್ಕಾಗಿ ನೀವು ಹೆಣೆದ ಸಾಲುಗಳು ಎಷ್ಟು ತೊಡಕಾಗಿದ್ದವೆಂದರೆ ನಮ್ಮ ಹಳೇ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. "ಕಂಪೈಲ್ ಮುಗಿಯೋದ್ರೊಳಗೆ ಬಸ್ಸಲ್ಲಿ ತಳಕಿಗೆ ಹೋಗಿ ಬರ್ತೀನಿ," ಎಂದು ರೇಗಿಸಿದರೆ, "ಹೋಗ್ಬಾ, ಇಲ್ಲಿ ತಡ ಆದ್ರೆ ಯಾರ ಬೀಜಾನೂ ಸೀಯಲ್ಲ," ಎಂದಿರಿ. ಡಬ್ಬಿಯನ್ನು ಮತ್ತೆ ಕೂರಿಸಿದ ದಿನ ರುದ್ರಪ್ಪನವರು ತಾವೇ ಮೇನ್ ಸ್ವಿಚ್ ಎಳೆದು, ಮತ್ತೆ ಹಾಕಿ ನೋಡಿದರು. ಡಬ್ಬಿ ತಟ್ಟನೆ ಎದ್ದು ವಾಲ್ವ್ ಮುಚ್ಚಿತು. ಅವರು ನಮಗೆ ಟೀ ತರಿಸಿದರು.

ಆಸ್ಪತ್ರೆಯಲ್ಲಿ ನೀವು ನನ್ನ ಕೈ ಹಿಡಿದು, "ಇನ್ಮೇಲೆ ನೀನೇ ನೋಡ್ಕಾ," ಎಂದಾಗ ತಲೆಯಾಡಿಸಿದ್ದೆ. ಧೈರ್ಯವಿರಲಿಲ್ಲ ಅಕ್ಕ. ಪರಶುರಾಂಪುರದಿಂದ ಟೈಪಿಂಗ್ ಕಲಿಯಲು ಬಂದ ಹುಡುಗಿಯನ್ನು ಇಷ್ಟು ದೂರ ಕರೆತಂದವರು ನೀವು. ನೀವಿಲ್ಲದೆ ನಾನು ಒಂದು ಡಬ್ಬಿಯನ್ನಾದರೂ...

ಹೋದ ವಾರದ ಸುದ್ದಿ ಕೇಳಿ. ನಿಮ್ಮ ಮೊಳಕಾಲ್ಮೂರು ಕಡೆಯ ರಾಂಪುರದ ಮಿಲ್ಲಿನವರು ಡಬ್ಬಿ ಕೇಳಿದರು. ಹಳೇ ಸೆನ್ಸರ್ ಈಗ ಸಿಗುವುದಿಲ್ಲ. ಹೊಸದರ ಅಂಕಿಗಳನ್ನು ನಾನೇ ತುಂಬಿದೆ, ಮೊದಲ ಸಲ ಒಬ್ಬಳೇ. ಅಲ್ಲಿ ಬೀಜ ಸೀದರೆ ನನ್ನನ್ನು ಮತ್ತೆ ಯಾವ ಮಿಲ್ಲಿನವರು ಕರೆಯುತ್ತಾರೆ? ಕಂಪೈಲ್ ಮಾಡಿದೆ. ಅರ್ಧಕ್ಕೇ ನಿಂತಿತು. ಪರದೆಯ ತುಂಬ ಇಂಗ್ಲಿಷಿನ ತಪ್ಪುಪಟ್ಟಿ, ಅದರ ನಡುವೆ ಇಂಗ್ಲಿಷ್ ಅಕ್ಷರಗಳಲ್ಲೇ ಒಂದು ಕನ್ನಡದ ಸಾಲು: "ಗಾಬರಿ ಬ್ಯಾಡ ರತ್ನ, ಇನ್ನೊಂದ್ಸಲ ನೋಡು."

ಯಾವಾಗ ಬರೆದಿಟ್ಟಿರಿ ಅಕ್ಕ? ಶಾಖ ಏರಿದಂತೆ ಸೆನ್ಸರಿನ ಅಂಕಿ ಇಳಿಯಬೇಕು, ಎಲ್ಲಾದರೂ ಏರಿದರೆ ಕಂಪೈಲರ್ ಅಲ್ಲೇ ನಿಂತು ಈ ಮಾತು ತೋರಿಸಬೇಕು. ಹಾಗೆ ಕಟ್ಟಿಟ್ಟಿದ್ದೀರಿ. ನಾನು ಒಂದು ಅಂಕಿಯನ್ನು ಹಿಂದುಮುಂದಾಗಿ ಟೈಪ್ ಮಾಡಿದ್ದೆ. ನೀವು ಹೋದಾಗಲೂ ಬಾರದ ಅಳು ಅವತ್ತು ಬಂತು. ಅತ್ತು, ಮುಖ ತೊಳೆದು, ಅಂಕಿ ಸರಿಮಾಡಿದೆ.

ಆ ಸಾಲು ಕಂಪೈಲರ್ ಓದಿ ಅಲ್ಲೇ ಬಿಟ್ಟುಬಿಡುವಂಥದ್ದು, ಚಿಪ್ಪಿನೊಳಗೆ ಹೋಗುವುದೇ ಇಲ್ಲ. ರಾಂಪುರದ ಡಬ್ಬಿಯನ್ನು ಬಿಚ್ಚಿ ಹುಡುಕಿದರೂ ನಿಮ್ಮ ಆ ಮಾತಿನ ಒಂದಕ್ಷರವೂ ಸಿಗದು. ಬೀಜ ಮಾತ್ರ ಹದವಾಗಿ ಬಂತು.

ಮಿಲ್ಲಿನವರು ಕೇಳಿದರು, "ಇದೆಲ್ಲ ನೀವೊಬ್ರೇ ಮಾಡಿದ್ರೇನ್ರಿ?"

"ಇಲ್ರಿ," ಎಂದೆ, "ನಮ್ಮಕ್ಕ ಜತೆಗಿದ್ರು."

ನಿಮ್ಮ
ರತ್ನ