ಜಡೆಮ್ಮ ಓದಿದ ಕಾಗದ

ಸಿರುಗುಪ್ಪ, ೧೨-೭-೧೯೫೦

ಕುರುಗೋಡಿನ ಅಣ್ಣ ಸುಂಕಪ್ಪನಿಗೆ ತಂಗಿ ಹೊನ್ನೂರಮ್ಮನ ನಮಸ್ಕಾರ.

ಸೋಮವಾರ ಬಂದು ಜಡೆಮ್ಮನನ್ನು ಶಾಲೆ ಬಿಡಿಸಿ ಕರೆದೊಯ್ಯುತ್ತೇನೆಂದು ಬರೆದಿದ್ದೀಯ. ದಯಮಾಡಿ ಈಗಲೇ ಬರಬೇಡ. ನಿನ್ನ ಮಗಳು ಮೈಗಳ್ಳಿಯಲ್ಲ. "ಅತ್ತಿ, ಅಕ್ಷರ ಒಂದು ಕಡಿ ನಿಲ್ಲಂಗಿಲ್ಲ. ಬ ಯಾವ್ದು, ಭ ಯಾವ್ದು ತಿಳಿಯಂಗಿಲ್ಲ" ಎಂದು ಅವಳು ಅತ್ತಾಗ ನನಗೂ ದಿಕ್ಕು ತೋಚಲಿಲ್ಲ. ಆಮೇಲೆ ತಟ್ಟೆಯಲ್ಲಿ ಮರಳು ಹರಡಿ, ಒಂದೊಂದೇ ಅಕ್ಷರವನ್ನು ದೊಡ್ಡದಾಗಿ ಬೆರಳಿನಿಂದ ತಿದ್ದಿಸಿ, ಬಾಯಲ್ಲೂ ಹೇಳಿಸುತ್ತ ಬಂದೆ. ಈಗ ನಿಧಾನವಾಗಿ ಓದುತ್ತಾಳೆ.

ನಿನ್ನೆ ಟಪಾಲಿನವನು ನಿನ್ನ ಕಾಗದ ತಂದಾಗ ನಾನು ಹಿತ್ತಿಲಲ್ಲಿದ್ದೆ. ಅವಳೇ ಒಡೆದು, ಅಕ್ಷರ ಕೂಡಿಸಿ ಕೂಡಿಸಿ ಓದಿದ್ದಾಳೆ. ನಾನು ಒಳಗೆ ಬಂದ ಕೂಡಲೇ ಒಂದು ಪದದ ಮೇಲೆ ಬೆರಳಿಟ್ಟು, "ಅತ್ತಿ, ಇದು ದಡ್ಡಿ ಅಂತ ಐತಲ್ಲ?" ಎಂದಳು. ಒತ್ತಕ್ಷರವನ್ನೂ ತಪ್ಪಿರಲಿಲ್ಲ. ಆಗಿನಿಂದ ಮರಳು ಮುಟ್ಟಿಲ್ಲ, ಸರಿಯಾಗಿ ಉಂಡೂ ಇಲ್ಲ. ನನಗೆ ಹೆದರಿಕೆಯಾಗಿದೆ.

ಅಣ್ಣ, ಇನ್ನೊಂದು ಕಾಗದ ಬರೆ. ಅವಳ ಹೆಸರಿಗೇ ಬರೆ. ಅಕ್ಷರ ದೊಡ್ಡದಾಗಿರಲಿ, ಸಾಲುಗಳ ನಡುವೆ ಜಾಗವಿರಲಿ. ನಾನು ಓದಿ ಹೇಳುವುದಿಲ್ಲ. ಅವಳೇ ಓದಲಿ.

ನಿನ್ನ ಉತ್ತರದ ದಾರಿ ಕಾಯುತ್ತಿರುವ,
ಹೊನ್ನೂರಮ್ಮ