ಎರಡನೆಯ ತಟ್ಟೆಯ ಕರುಳು

ಬಸ್ರಾ
ಮೇ 20, 1976

ಪ್ರೀತಿಯ ಅಮ್ಮನಿಗೆ ನಿನ್ನ ಬದ್ರಿಯಾಳ ಸಲಾಮುಗಳು.

ಕೈಯಲ್ಲಿರುವ ಮೀನನ್ನು ಕೆಳಗಿಟ್ಟು ಕೂತು ಕೇಳು. ನಾನು ಗೆದ್ದೆ! ನಮ್ಮ ಜೌಗಿನಲ್ಲಿ ತೆರೆಯುವ ಮೀನುಮರಿ ಕೇಂದ್ರದ ಕೆಲಸ ನಲವತ್ತು ಜನರಲ್ಲಿ ಒಬ್ಬರಿಗೆ ಎಂದಿದ್ದರಲ್ಲ, ಆ ಒಬ್ಬಳು ನಿನ್ನ ಮಗಳು.

ಇದನ್ನು ನಿನಗೆ ಓದಿ ಹೇಳುತ್ತಿರುವ ಪಕ್ಕದ ಮನೆಯ ಫಖ್ರಿಯಾ ಅತ್ತೆಗೂ ಸಲಾಮು. "ಬಲೆ ಹಾಕೋ ಬರ್ಬರಾ ಮಂದಿಗೆ ಪುಸ್ತಕ ಯಾಕೆ, ಮೀನು ಕಟ್ಟೋಕಾ?" ಎಂದು ನಾನು ಹೊರಟ ದಿನ ಕೇಳಿದವರು ಅವರೇ. ಈಟಿಯಿಂದ ಮೀನು ಹೊಡೆಯುವವರು ಮರ್ಯಾದಸ್ಥರು, ಬಲೆ ಹಾಕುವವರು ಕೀಳು ಎಂಬ ನಮ್ಮ ಕಡೆಯ ಮಾತು ಬಸ್ರಾಕ್ಕೂ ನನ್ನ ಹಿಂದೆಯೇ ಬಂದಿತ್ತು, ಅಮ್ಮ. ಇಲ್ಲಿ ಓದುವವರಲ್ಲಿ ಜೌಗಿನವರೇ ಎಷ್ಟೋ ಜನ. ಅದಕ್ಕೆ ಹೆದರಿ ನಾಲ್ಕು ವರ್ಷ, ನಾವು ಎಮ್ಮೆ ಸಾಕುವವರು ಎಂದು ಸುಳ್ಳು ಹೇಳಿಕೊಂಡು ಬಂದೆ. ಬೈಯುವುದಿದ್ದರೆ ಆಮೇಲೆ ಬೈ, ಮೊದಲು ಆ ಕೆಲಸಕ್ಕೆ ಇಟ್ಟ ಪರೀಕ್ಷೆಯ ಕಥೆ ಕೇಳು.

ನಮ್ಮ ಮೇಷ್ಟ್ರು ಡಾಕ್ಟರ್ ಮುಹ್ಸಿನ್ ಮೂರು ತಟ್ಟೆ ಇಟ್ಟಿದ್ದರು. ಒಂದೊಂದರಲ್ಲೂ ಒಂದು ಮೀನಿನ ಗಂಟಲ ಮೂಳೆ, ಪಕ್ಕದಲ್ಲಿ ಅದರ ಕರುಳು. ಆ ಮೀನು ಏನು ತಿಂದು ಬದುಕುತ್ತಿತ್ತು ಎಂದು ಬರೆಯಬೇಕು. ಬಾಯಲ್ಲಿ ಹಲ್ಲಿಲ್ಲದ ಮೀನಿಗೆ ಗಂಟಲಲ್ಲಿ ಹಲ್ಲಿರುತ್ತದೆ ಎಂದು ನನ್ನ ಬೆರಳು ಹಿಡಿದು ಮುಟ್ಟಿಸಿದವಳು ನೀನು. ಮೊದಲನೆಯದು ಹುಲ್ಲು ಮೇಯುವ ಬುನ್ನಿ, ಕಣ್ಣು ಮುಚ್ಚಿ ಬರೆದೆ. ಎರಡನೆಯ ತಟ್ಟೆಯ ಮುಂದೆ ನಿಂತುಬಿಟ್ಟೆ. ಗಂಟಲ ಹಲ್ಲುಗಳು ದಪ್ಪ, ಚಪ್ಪಟೆ. ಬಸವನಹುಳುವಿನ ಚಿಪ್ಪು ಅರೆಯುವ ಗತ್ತಾನ್ ಮೀನಿನವು. ಕರುಳು ಮಾತ್ರ ತೀರಾ ಗಿಡ್ಡ. ಉಳಿದವರೆಲ್ಲ 'ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ' ಎಂದು ಬರೆದು ಮುಂದೆ ಹೋದರು. ನಾನು ಕೈ ಎತ್ತಿ, ಇದು ಒಂದು ಮೀನಲ್ಲ, ಎರಡು, ಮೂಳೆ ಒಂದರದು, ಕರುಳು ಇನ್ನೊಂದರದು ಎಂದೆ.

ಮೇಷ್ಟ್ರ ಮುಖ ಕೆಂಪಾಯಿತು. "ಬೆಳಗ್ಗೆ ನಾನೇ ಮಾರ್ಕೆಟ್ಟಿಂದ ತಂದಿದ್ದು. ನನಗೇ ಪಾಠ ಹೇಳ್ತೀಯಾ?"

"ಅಲ್ಲೇ ಹೆಂಗಸರ ಹತ್ರ ಸೀಳಿಸಿದ್ರಾ ಸಾರ್?"

"ಹೌದು. ಕರುಳನ್ನೂ ಕಟ್ಟಿಕೊಡಮ್ಮಾ ಅಂತ ಹೇಳಿ ಇಸ್ಕೊಂಡೆ."

ನನಗೆ ನಗು ತಡೆಯಲಾಗಲಿಲ್ಲ. ಮೂರು ಗಿರಾಕಿಗಳ ಮೀನನ್ನು ಒಟ್ಟಿಗೆ ಸೀಳಿ, ಕರುಳನ್ನೆಲ್ಲ ಒಂದೇ ಬುಟ್ಟಿಗೆ ಎಸೆಯುವವರಲ್ಲವೇ ನೀವು? ಕೋಟು ಹಾಕಿದವನೊಬ್ಬ ಬಂದು ಕರುಳು ಕೇಳಿದರೆ ಕೈಗೆ ಸಿಕ್ಕಿದ್ದನ್ನು ಕೊಟ್ಟು ಸಾಗಹಾಕುತ್ತೀರಿ.

ಇದೆಲ್ಲ ನಿನಗೆ ಹೇಗೆ ಗೊತ್ತು ಎಂದರು ಮೇಷ್ಟ್ರು. ನನ್ನ ಮಾತು ತಪ್ಪಾದರೆ ಕೆಲಸ ಹೋಯಿತು, ಗೊತ್ತಾದದ್ದು ಹೇಗೆಂದು ಹೇಳಿದರೆ ನಾಲ್ಕು ವರ್ಷದ ಸುಳ್ಳು ಬಯಲು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನಮ್ಮಮ್ಮ ಬರ್ಬರಾ ಸಾರ್," ಎಂದೆ, ಗಟ್ಟಿಯಾಗಿ. "ಮೂವತ್ತು ವರ್ಷದಿಂದ ಮೀನು ಸೀಳ್ತಿದಾಳೆ. 'ಹುಲ್ಲು ತಿನ್ನೋದಕ್ಕೆ ಹಗ್ಗದಷ್ಟು ಕರುಳು, ನೆಂಟರನ್ನ ತಿನ್ನೋದಕ್ಕೆ ಗೇಣಷ್ಟು' ಅಂತಾಳೆ. ಇದು ಮೀನು ತಿನ್ನೋ ಶಿಲಿಗ್ ಕರುಳು. ಸೀಳಿ ನೋಡಿ."

ಸೀಳಿದರು. ಚಿಪ್ಪಿನ ಚೂರು ಒಂದೂ ಇರಲಿಲ್ಲ. ಅರ್ಧ ಕರಗಿದ ಮರಿಮೀನಿನ ಬೆನ್ನೆಲುಬು ಹೊರಬಂತು! ಡಾಕ್ಟರ್ ಮುಹ್ಸಿನ್ ಕನ್ನಡಕ ತೆಗೆದು ಒರೆಸಿಕೊಂಡರು. "ಪಾಠ ಮಾಡಿದ್ದು ನಾನು, ಕಲಿಸಿದ್ದು ನಿಮ್ಮಮ್ಮ," ಎಂದರು. ಚಪ್ಪಾಳೆ ಶುರು ಮಾಡಿದವರೂ ಅವರೇ. ನಾನು ಸಂತೋಷಕ್ಕೆ ಅತ್ತುಬಿಟ್ಟೆ.

ಅಪ್ಪನಿಗೆ ಹೇಳು, ಬಲೆಯನ್ನು ಇನ್ನು ಮನೆಯ ಹಿಂದೆ ಅಡಗಿಸಿ ಒಣಗಿಸುವುದು ಬೇಡ. ಮುಂದೆಯೇ ಹರಡಲಿ.

ನಿನ್ನ ಮಗಳು,
ಬದ್ರಿಯಾ

ಮತ್ತೆ: ಇದನ್ನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಧೈರ್ಯವಿರಲಿಲ್ಲ. ಹೋದ ಚಳಿಗಾಲ ನೀನು ಬುಟ್ಟಿ ಹೊತ್ತು ಹಾಸ್ಟೆಲಿನ ಗೇಟಿಗೆ ಬಂದಾಗ, ಯಾರೆಂದು ಗೆಳತಿಯರು ಕೇಳಿದರು. ಮೀನು ಮಾರುವವಳು ಎಂದೆ. ನಿನಗೆ ಕೇಳಿಸಿತ್ತು, ಅಲ್ಲವೇ? ಅದಕ್ಕೇ ನೀನು ನನ್ನ ಹೆಸರು ಹಿಡಿದು ಕರೆಯದೆ, ಮೀನು ಬೇಕಾ ಎಂದಷ್ಟೇ ಕೇಳಿ ಹೋದೆ. ಬರುವ ವಾರ ನೀನು ತರಗತಿಗೆ ಬಂದು ಮೀನು ಸೀಳಿ ತೋರಿಸಬೇಕೆಂದು ಮೇಷ್ಟ್ರು ಕೇಳಿದ್ದಾರೆ. ಅದೇ ಬುಟ್ಟಿ ಹೊತ್ತು ಬಾ. ಗೇಟಿನಲ್ಲಿ ನಿಂತಿರುತ್ತೇನೆ, ಇಡೀ ಹಾಸ್ಟೆಲಿಗೆ ಕೇಳುವಂತೆ 'ಅಮ್ಮಾ' ಎಂದು ಕೂಗುತ್ತೇನೆ. ಫಖ್ರಿಯಾ ಅತ್ತೆ, ಈ ಸಾಲನ್ನು ಎರಡು ಸಲ ಓದಿ.